ನೂರೈದನೆಯವರು ಚಿಂಚೋಳಿಯಿಂದ ಬಂದರು

ಐದು ವರ್ಷ, ನಾಲ್ಕು ಪ್ರಮಾಣವಚನ, ಮೂವರು ಮುಖ್ಯಮಂತ್ರಿಗಳು, ಇಬ್ಬರು ಸ್ಪೀಕರ್‌ಗಳು, 25 ಉಪಚುನಾವಣೆಗಳು. ಹದಿನೈದನೇ ವಿಧಾನಸಭೆಯ ಕಥೆಯನ್ನು ಬೆಂಗಳೂರು-ಮುಂಬೈ ರೆಸಾರ್ಟುಗಳ ಬಾಗಿಲಲ್ಲಿ ನಿಂತು ಹೇಳಿದವರು ಬಹಳ. ಕಲಬುರಗಿ ಜಿಲ್ಲೆಯ ಮುಲ್ಲಾಮಾರಿ, ಕಾಗಿಣಾ ನದಿಗಳ ದಂಡೆಯಲ್ಲಿ ನಿಂತು ಹೇಳಿದವರು ಕಮ್ಮಿ. ಆದರೆ ಆ ಸದನದ ಮೊದಲ ಬಿರುಕು ಬಿಟ್ಟಿದ್ದು ಇಲ್ಲಿ.

2019ರ ಜುಲೈ 23, ಮಂಗಳವಾರ. ವಿಧಾನಸೌಧದ ಹೊರಗೆ ಕತ್ತಲಾಗುತ್ತಿತ್ತು. ಒಳಗೆ ನಾಲ್ಕು ದಿನಗಳ ಚರ್ಚೆ ಮುಗಿಸಿ, ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ವಿಶ್ವಾಸಮತ ನಿರ್ಣಯವನ್ನು ಮತಕ್ಕೆ ಹಾಕಿದ್ದರು. ಗುಂಡಿ ಒತ್ತುವ ಯಂತ್ರವಿಲ್ಲ, ಚೀಟಿ ಇಲ್ಲ. ಶಾಸಕರು ಸಾಲುಸಾಲಾಗಿ ಎದ್ದು ನಿಲ್ಲಬೇಕು, ಸಚಿವಾಲಯದ ಸಿಬ್ಬಂದಿ ಒಂದೊಂದು ಸಾಲಿಗೂ ಹೋಗಿ ತಲೆ ಎಣಿಸಬೇಕು.

ಪರ 99. ವಿರುದ್ಧ 105. ಎಚ್.ಡಿ. ಕುಮಾರಸ್ವಾಮಿ ಅವರ ಹದಿನಾಲ್ಕು ತಿಂಗಳ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಬಿತ್ತು.

99ರಲ್ಲಿ ಒಬ್ಬರು ಚಿತ್ತಾಪುರದ ಪ್ರಿಯಾಂಕ್ ಖರ್ಗೆ, ಆ ಗಳಿಗೆಯವರೆಗೂ ಸಮಾಜ ಕಲ್ಯಾಣ ಸಚಿವರು. 105ರ ಕಡೆ ಸೇಡಂನ ರಾಜಕುಮಾರ ಪಾಟೀಲ ತೇಲ್ಕೂರ ಇದ್ದರು, ಶಹಾಬಾದನ್ನು ಒಳಗೊಂಡ ಗುಲಬರ್ಗಾ ಗ್ರಾಮೀಣ ಕ್ಷೇತ್ರದ ಬಸವರಾಜ ಮತ್ತಿಮಡು ಇದ್ದರು. ಅವರ ಜೊತೆ ಶಾಸಕರಾಗಿ ಎರಡು ತಿಂಗಳಷ್ಟೇ ಆಗಿದ್ದ ಯುವ ವೈದ್ಯರೊಬ್ಬರು: ಚಿಂಚೋಳಿಯ ಡಾ. ಅವಿನಾಶ ಜಾಧವ.

ಈ ಕೊನೆಯ ಹೆಸರಿನ ಹತ್ತಿರ ಸ್ವಲ್ಪ ನಿಲ್ಲಬೇಕು. 2018ರ ಮೇ ಫಲಿತಾಂಶದಲ್ಲಿ ಬಿಜೆಪಿಗೆ ಬಂದದ್ದು 104 ಸ್ಥಾನ. ಆಮೇಲೆ ನಡೆದ ರಾಮನಗರ, ಜಮಖಂಡಿ ಉಪಚುನಾವಣೆಗಳಲ್ಲಿ ಅದಕ್ಕೆ ಒಂದೂ ದಕ್ಕಲಿಲ್ಲ. ಕುಂದಗೋಳವೂ ಕೈತಪ್ಪಿತು. ಹಾಗಾದರೆ 104 ಇದ್ದದ್ದು 105 ಆಗಿದ್ದು ಎಲ್ಲಿಂದ? ಚಿಂಚೋಳಿಯಿಂದ. ಒಂದು ವರ್ಷದ ಹಿಂದೆ ಅದೇ ಕ್ಷೇತ್ರದ ಶಾಸಕ ಸದನದ ಆಚೆ ಬದಿಯಲ್ಲಿ, ಕಾಂಗ್ರೆಸ್ ಸಾಲಿನಲ್ಲಿದ್ದರು. ಅವರು ಅವಿನಾಶರ ತಂದೆ ಡಾ. ಉಮೇಶ ಜಾಧವ.

ಲೆಕ್ಕದಲ್ಲಿ ಹೇಳುವುದಾದರೆ, ಚಿಂಚೋಳಿ ಕಾಂಗ್ರೆಸ್ಸಿನಲ್ಲೇ ಉಳಿದಿದ್ದರೂ ಅವತ್ತು ಸರ್ಕಾರ ಉಳಿಯುತ್ತಿರಲಿಲ್ಲ. 104ಕ್ಕೆ 100 ಆಗಿ ಬೀಳುತ್ತಿತ್ತು. ಒಂದು ಓಟಿನಿಂದ ಸರ್ಕಾರ ಹೋಯಿತು ಎಂದು ಊರಲ್ಲಿ ಮೀಸೆ ತಿರುವಲು ಅವಕಾಶವಿಲ್ಲ. ಆದರೆ ದಾರಿ ತೋರಿಸಿದ್ದು ಚಿಂಚೋಳಿಯೇ. ಜುಲೈಯಲ್ಲಿ ಮೈತ್ರಿ ಬಿಟ್ಟು ಸಾಲುಗಟ್ಟಿ ಹೋದ ಶಾಸಕರಿಗಿಂತ ನಾಲ್ಕು ತಿಂಗಳು ಮೊದಲೇ ಇಲ್ಲಿನ ಶಾಸಕ ರಾಜೀನಾಮೆ ಬರೆದಿಟ್ಟಿದ್ದರು.

ಎರಡಕ್ಕೆ ಎರಡು

2018ರ ಮೇ 12ರಂದು ಮತದಾನ ನಡೆದಿದ್ದು 222 ಕ್ಷೇತ್ರಗಳಿಗೆ. ಜಯನಗರದ ಬಿಜೆಪಿ ಅಭ್ಯರ್ಥಿ ತೀರಿಕೊಂಡಿದ್ದರು, ರಾಜರಾಜೇಶ್ವರಿನಗರದಲ್ಲಿ ಮತದಾರರ ಗುರುತಿನ ಚೀಟಿಗಳ ರಾಶಿ ಸಿಕ್ಕಿತ್ತು. ಎರಡೂ ಕಡೆ ಮತದಾನ ಮುಂದಕ್ಕೆ ಹೋಯಿತು. ಮೇ 15ರ ಫಲಿತಾಂಶ ಯಾರಿಗೂ ಪೂರ್ತಿ ಒಲಿಯಲಿಲ್ಲ. ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಬಿಎಸ್‌ಪಿಯ ಒಬ್ಬರು, ಕೆಪಿಜೆಪಿಯ ಒಬ್ಬರು, ಪಕ್ಷೇತರ ಒಬ್ಬರು.

ಕಲಬುರಗಿ ಜಿಲ್ಲೆಯ ಒಂಬತ್ತು ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಐದು, ಬಿಜೆಪಿಗೆ ನಾಲ್ಕು. ನಮ್ಮ ಈ ಮೂಲೆಯ ನಾಲ್ಕನ್ನೇ ತೆಗೆದುಕೊಂಡರೆ ಸರಿಸಮ. ಚಿತ್ತಾಪುರ, ಚಿಂಚೋಳಿ ಕಾಂಗ್ರೆಸ್ಸಿಗೆ. ಸೇಡಂ, ಗುಲಬರ್ಗಾ ಗ್ರಾಮೀಣ ಬಿಜೆಪಿಗೆ.

ಸೇಡಂನಲ್ಲಿ ತೇಲ್ಕೂರ ಸೋಲಿಸಿದ್ದು ಸಾಮಾನ್ಯರನ್ನಲ್ಲ. ಸಿದ್ದರಾಮಯ್ಯ ಸಂಪುಟದಲ್ಲಿ ವೈದ್ಯಕೀಯ ಶಿಕ್ಷಣ ಸಚಿವರಾಗಿದ್ದ, 2004ರಿಂದ ಸತತ ಮೂರು ಸಲ ಗೆದ್ದಿದ್ದ ಡಾ. ಶರಣಪ್ರಕಾಶ ಪಾಟೀಲರನ್ನು. ಚಿತ್ತಾಪುರದಲ್ಲಿ ಪ್ರಿಯಾಂಕ್ ಖರ್ಗೆ ಎರಡನೇ ಸಲ ಗೆದ್ದರು, ಆದರೆ ಬೆವರು ಸುರಿಸಿ. ಎದುರಾಳಿ ವಾಲ್ಮೀಕಿ ನಾಯಕರು 2009ರ ಉಪಚುನಾವಣೆಯಲ್ಲಿ ಇದೇ ಪ್ರಿಯಾಂಕರನ್ನು ಸೋಲಿಸಿದ್ದವರು. ಈ ಸಲ ಅಂತರ ಐದು ಸಾವಿರವನ್ನೂ ಮುಟ್ಟಲಿಲ್ಲ.

ಚಿಂಚೋಳಿಯಲ್ಲಿ ಉಮೇಶ ಜಾಧವರದ್ದೂ ಎರಡನೇ ಗೆಲುವು. ವೃತ್ತಿಯಿಂದ ಶಸ್ತ್ರಚಿಕಿತ್ಸಕರು, ಬಂಜಾರ ಸಮುದಾಯದವರು. ತೆಲಂಗಾಣದ ಗಡಿಗೆ ಆತುಕೊಂಡ, ಕಾಡು ಮತ್ತು ತಾಂಡಾಗಳ ಈ ತಾಲ್ಲೂಕಿನಲ್ಲಿ ಡಾಕ್ಟರ್ ಎಂಬ ಎರಡಕ್ಷರಕ್ಕೆ ಬೇರೆಯೇ ತೂಕ.

ಮುಂದಿನ ಹತ್ತು ದಿನ ರಾಜ್ಯ ನಿದ್ದೆ ಮಾಡಲಿಲ್ಲ. ಮೇ 17ರ ನಸುಕಿನವರೆಗೂ ಸುಪ್ರೀಂ ಕೋರ್ಟಿನಲ್ಲಿ ವಾದ ನಡೆಯಿತು. ಅದೇ ಬೆಳಿಗ್ಗೆ ಬಿ.ಎಸ್. ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿದರು. ಮೇ 19ರಂದು ಹಂಗಾಮಿ ಸ್ಪೀಕರ್ ಕೆ.ಜಿ. ಬೋಪಯ್ಯ ಅವರ ಮುಂದೆ ಬಹುಮತ ಸಾಬೀತುಪಡಿಸಬೇಕಿತ್ತು. ಭಾಷಣ ಮುಗಿಸಿ, ಮತಕ್ಕೆ ಹಾಕದೆ, ರಾಜೀನಾಮೆ ಕೊಡಲು ಹೊರಟರು. 23ರಂದು ವಿಧಾನಸೌಧದ ಮೆಟ್ಟಿಲ ಮೇಲೆ, ದೇಶದ ವಿರೋಧ ಪಕ್ಷಗಳ ನಾಯಕರೆಲ್ಲ ಕೈಕೈ ಹಿಡಿದು ನಿಂತ ಸಭೆಯಲ್ಲಿ, ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. 25ರಂದು ಶ್ರೀನಿವಾಸಪುರದ ರಮೇಶ್ ಕುಮಾರ್ ಎರಡನೇ ಸಲ ಸ್ಪೀಕರ್ ಪೀಠ ಏರಿದರು. ಮೊದಲ ಸಲ ಏರಿದ್ದು 1994ರಲ್ಲಿ. ಬಿಜೆಪಿಯಿಂದ ನಾಮಪತ್ರ ಹಾಕಿದ್ದ ಎಸ್. ಸುರೇಶ್ ಕುಮಾರ್ ಹಿಂದೆ ಸರಿದದ್ದರಿಂದ ಆಯ್ಕೆ ಅವಿರೋಧ.

ಜೂನ್ 6ರಂದು ಸಂಪುಟ ವಿಸ್ತರಣೆ. ಕಲಬುರಗಿ ಜಿಲ್ಲೆಯ ಕಾಂಗ್ರೆಸ್ ಶಾಸಕರಲ್ಲಿ ಪ್ರಮಾಣವಚನ ಸ್ವೀಕರಿಸಿದ್ದು ಚಿತ್ತಾಪುರದವರು. ಚಿಂಚೋಳಿಯವರಲ್ಲ.

> ಬಾಕ್ಸ್: ಗಾಳಿ ಯಾವ ಕಡೆ?
>
> ‘ಚಿಂಚೋಳ್ಯಾಗ ಯಾರು ಬರ್ತಾರ?’ ಚುನಾವಣೆ ಬಂದರೆ ಕಲಬುರಗಿ ಕಡೆ ಕೇಳಿಬರುವ ಪ್ರಶ್ನೆ ಇದು. ಇಲ್ಲಿ ಗೆದ್ದ ಪಕ್ಷವೇ ರಾಜ್ಯ ಆಳುತ್ತದೆ ಎನ್ನುವುದು ನಂಬಿಕೆ. ದಾಖಲೆ ನೋಡಿದರೆ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ.
>
> 1989ರಲ್ಲಿ ಕಾಂಗ್ರೆಸ್ಸಿನ ವೀರೇಂದ್ರ ಪಾಟೀಲ, ಸರ್ಕಾರ ಕಾಂಗ್ರೆಸ್. 1994ರಲ್ಲಿ ಜನತಾದಳದ ವೈಜನಾಥ ಪಾಟೀಲ, ಸರ್ಕಾರ ಜನತಾದಳ. 1999ರಲ್ಲಿ ವೀರೇಂದ್ರ ಪಾಟೀಲರ ಮಗ ಕೈಲಾಸನಾಥ ಪಾಟೀಲ; ಸರ್ಕಾರ ಕಾಂಗ್ರೆಸ್. 2004ರಲ್ಲಿ ಮತ್ತೆ ವೈಜನಾಥ ಪಾಟೀಲ, ಈಗ ಜೆಡಿಎಸ್, ಸರ್ಕಾರ ಕಾಂಗ್ರೆಸ್-ಜೆಡಿಎಸ್. 2008ರಲ್ಲಿ ಬಿಜೆಪಿಯ ಸುನೀಲ ವಲ್ಯಾಪುರೆ, ಸರ್ಕಾರ ಬಿಜೆಪಿ. 2013, 2018ರಲ್ಲಿ ಕಾಂಗ್ರೆಸ್ಸಿನ ಉಮೇಶ ಜಾಧವ. ಮೊದಲು ಕಾಂಗ್ರೆಸ್ ಸರ್ಕಾರ, ಆಮೇಲೆ ಮೈತ್ರಿ ಸರ್ಕಾರ. 2019ರ ಮೇ ಉಪಚುನಾವಣೆಯಲ್ಲಿ ಬಿಜೆಪಿ. ಜುಲೈಯಲ್ಲಿ ಬಿಜೆಪಿ ಸರ್ಕಾರ.

ಒಂದು ರಾಜೀನಾಮೆಯ ವಿಚಾರಣೆ

ಮೈತ್ರಿಯಲ್ಲಿ ಹೊಗೆ ಆಡತೊಡಗಿದ್ದು 2019ರ ಜನವರಿಯಲ್ಲಿ. ಕಾಂಗ್ರೆಸ್ ಕರೆದ ಶಾಸಕಾಂಗ ಪಕ್ಷದ ಸಭೆಗೆ ನಾಲ್ವರು ಬರಲಿಲ್ಲ: ರಮೇಶ ಜಾರಕಿಹೊಳಿ, ಮಹೇಶ ಕುಮಠಳ್ಳಿ, ಬಿ. ನಾಗೇಂದ್ರ, ಉಮೇಶ ಜಾಧವ. ಇವರನ್ನು ಅನರ್ಹಗೊಳಿಸಿ ಎಂದು ಪಕ್ಷ ಸ್ಪೀಕರಿಗೆ ದೂರು ಕೊಟ್ಟಿತು.

ಮಾರ್ಚ್ 4ರಂದು ಜಾಧವ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 6ರಂದು ಕಲಬುರಗಿಗೆ ಪ್ರಧಾನಿ ನರೇಂದ್ರ ಮೋದಿ ಬಂದಾಗ ಅದೇ ಸಭೆಯಲ್ಲಿ ಬಿಜೆಪಿ ಸೇರಿದರು. ಲೋಕಸಭೆಗೆ ನಿಲ್ಲುತ್ತಾರೆ ಎನ್ನುವುದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಯಾರ ಎದುರು ಎನ್ನುವುದೂ: ಪ್ರಿಯಾಂಕ್ ಅವರ ತಂದೆ ಮಲ್ಲಿಕಾರ್ಜುನ ಖರ್ಗೆ.

ಇಲ್ಲಿ ಸ್ಪೀಕರ್ ಕೈಯಲ್ಲಿ ಎರಡು ಕಡತ. ಒಂದು ಕಾಂಗ್ರೆಸ್ಸಿನ ಅನರ್ಹತೆ ದೂರು, ಇನ್ನೊಂದು ಶಾಸಕರ ರಾಜೀನಾಮೆ. ಸಂವಿಧಾನದ 190ನೇ ವಿಧಿ ಹೇಳುವುದು ಇಷ್ಟು: ರಾಜೀನಾಮೆ ಸ್ವಇಚ್ಛೆಯದ್ದೋ, ನಿಜವಾದದ್ದೋ ಎಂದು ಸ್ಪೀಕರ್‌ ವಿಚಾರಿಸಿ ತೃಪ್ತರಾಗಬೇಕು, ಅಲ್ಲ ಎನಿಸಿದರೆ ಅಂಗೀಕರಿಸಬಾರದು. 1974ರಲ್ಲಿ ಸೇರಿಸಿದ ಮಾತು ಅದು. ಬೆದರಿಸಿ ಬರೆಸಿಕೊಂಡ ರಾಜೀನಾಮೆಗಳನ್ನು ತಡೆಯುವುದು ಅದರ ಉದ್ದೇಶ.

ರಮೇಶ್ ಕುಮಾರ್ ಈ ಅಧಿಕಾರವನ್ನು ನಾಟಕೀಯವಾಗಿಯೇ ಬಳಸಿದರು. ಚಿಂಚೋಳಿಯ ಕೆಲವು ಮತದಾರರು, ನಾವು ಐದು ವರ್ಷಕ್ಕೆ ಆರಿಸಿದವರು ಹತ್ತು ತಿಂಗಳಿಗೆ ಹೇಗೆ ಬಿಟ್ಟುಹೋದಾರು ಎಂಬ ತಕರಾರು ತಂದಿದ್ದರು. ಅವರನ್ನೂ ಕರೆಸಿ ಕೇಳಿದರು. ಆರಿಸಿ ಕಳಿಸಿದವರಿಗೆ ಬೀದಿಯಲ್ಲಿ ಬೈಯುವುದಕ್ಕೆ ಹಕ್ಕಿದೆ, ಸ್ಪೀಕರ್ ಮುಂದೆ ಕುಳಿತು ಕೇಳುವುದಕ್ಕೂ ಹಕ್ಕಿದೆಯೇ? ಕಾನೂನಿನಲ್ಲಿ ಅಂಥ ಹಕ್ಕು ಕಾಣುವುದಿಲ್ಲ. ಆದರೆ ಐದು ವರ್ಷಗಳ ಇಡೀ ಗಲಾಟೆಯಲ್ಲಿ ಮತದಾರ ಎಂಬ ಪ್ರಾಣಿ ವಿಧಾನಸೌಧದ ಒಂದು ಕೋಣೆಯಲ್ಲಿ ಕುಳಿತು ಮಾತಾಡಿದ್ದು ನನ್ನ ಕಣ್ಣಿಗೆ ಕಂಡದ್ದು ಇದೊಂದೇ ಸಲ.

ಏಪ್ರಿಲ್ 1ರಂದು ರಾಜೀನಾಮೆ ಅಂಗೀಕಾರವಾಯಿತು. ಲೋಕಸಭೆಗೆ ನಾಮಪತ್ರ ಸಲ್ಲಿಸಲು ಏಪ್ರಿಲ್ 4 ಕೊನೆಯ ದಿನ.

ಮೂರೇ ತಿಂಗಳಲ್ಲಿ ಇದೇ ಸ್ಪೀಕರ್ ಮೇಜಿನ ಮೇಲೆ ಮೈತ್ರಿ ಶಾಸಕರ ರಾಜೀನಾಮೆಗಳ ಕಟ್ಟು ಬಿತ್ತು. ಆಗ ಅವರು ಅಂಗೀಕರಿಸಲಿಲ್ಲ. ಜುಲೈ 25ರಂದು ಮೂವರನ್ನು, 28ರಂದು ಹದಿನಾಲ್ವರನ್ನು ಅನರ್ಹಗೊಳಿಸಿದರು. ಚಿಂಚೋಳಿಯವರಿಗೆ ಸಿಕ್ಕ ಬಾಗಿಲು ಆ ಹದಿನೇಳು ಜನರಿಗೆ ಸಿಗಲಿಲ್ಲ. ಒಂದೇ ಸದನ, ಒಂದೇ ಪೀಠ, ಒಂದೇ ಬಗೆಯ ನಡೆ, ತೀರ್ಪು ಎರಡು. ಒಬ್ಬರು ಹೋದಾಗ ಅದು ರಾಜೀನಾಮೆ, ಹಿಂಡು ಹೋದಾಗ ಅದು ಪಕ್ಷಾಂತರ ಎಂದು ಪೀಠಕ್ಕೆ ಕಂಡಿತೋ ಏನೋ. ಸುಪ್ರೀಂ ಕೋರ್ಟು ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಅವಧಿ ಮುಗಿಯುವವರೆಗೆ ಚುನಾವಣೆಗೆ ನಿಲ್ಲಬಾರದೆಂಬ ಭಾಗವನ್ನು ತೆಗೆದುಹಾಕಿತು.

ಉರಿಬಿಸಿಲಿನ ಮೇ

ಏಪ್ರಿಲ್ 23ಕ್ಕೆ ಕಲಬುರಗಿ ಲೋಕಸಭೆ ಮತದಾನ. ಮೇ 19ಕ್ಕೆ ಚಿಂಚೋಳಿ ಉಪಚುನಾವಣೆ. ಎರಡರ ಎಣಿಕೆಯೂ ಮೇ 23ಕ್ಕೆ.

ಮೇ ತಿಂಗಳಲ್ಲಿ ಈ ಸೀಮೆಯ ಬಿಸಿಲು ಏನೆಂದು ಇಲ್ಲಿ ಒಂದು ದಿನ ಕಳೆದವರಿಗೆ ಹೇಳಬೇಕಿಲ್ಲ. ಹಾಸುಗಲ್ಲಿನ ಮನೆಯೊಳಗೂ ನೆಲ ಕಾಯುತ್ತದೆ. ಅಂಥ ಬಿಸಿಲಲ್ಲಿ ರೈಲು ಕಾಣದ ಒಂದು ತಾಲ್ಲೂಕು ಕೇಂದ್ರಕ್ಕೆ ಎರಡೂ ಕಡೆಯ ನಾಯಕರು ದಂಡುಗಟ್ಟಿ ಬಂದರು. ತಾಂಡಾ ತಾಂಡಾಗಳಲ್ಲಿ ಮಂತ್ರಿಗಳ ಕಾರು. ಕಾಂಗ್ರೆಸ್ಸಿನಿಂದ ಸುಭಾಷ ರಾಠೋಡ, ಬಿಜೆಪಿಯಿಂದ ಅವಿನಾಶ ಜಾಧವ. ಇಬ್ಬರೂ ಬಂಜಾರ ಸಮುದಾಯದವರೇ. ಬಿಜೆಪಿ ಟಿಕೆಟ್ ಮೇಲೆ ಕಣ್ಣಿಟ್ಟಿದ್ದ ಮಾಜಿ ಶಾಸಕ ಸುನೀಲ ವಲ್ಯಾಪುರೆ ಅವರ ಮುನಿಸು ತಣಿಯಲು ಸಮಯ ಬೇಕಾಯಿತು. ಮರುವರ್ಷ ಅವರು ವಿಧಾನ ಪರಿಷತ್ತಿಗೆ ಹೋದರು.

ಮೇ 23ರ ಮಧ್ಯಾಹ್ನದ ಹೊತ್ತಿಗೆ ಎರಡು ಸುದ್ದಿ. ಚಿಂಚೋಳಿಯಲ್ಲಿ ಮಗ 8,030 ಮತಗಳಿಂದ ಮುಂದು. ಕಲಬುರಗಿಯಲ್ಲಿ ಅಪ್ಪ 95,452 ಮತಗಳಿಂದ.

ಎರಡನೆಯದು ದೆಹಲಿಗೂ ಕೇಳಿಸಿತು. 1972ರಿಂದ ಗುರುಮಠಕಲ್‌ನಲ್ಲಿ ಎಂಟು ಸಲ, 2008ರಲ್ಲಿ ಚಿತ್ತಾಪುರದಲ್ಲಿ ಒಂದು ಸಲ, ಲೋಕಸಭೆಗೆ ಎರಡು ಸಲ, ಹೀಗೆ ಸತತ ಹನ್ನೊಂದು ಚುನಾವಣೆ ಗೆದ್ದು ‘ಸೋಲಿಲ್ಲದ ಸರದಾರ’ ಎನಿಸಿದ್ದ ಮಲ್ಲಿಕಾರ್ಜುನ ಖರ್ಗೆ ಮೊದಲ ಸಲ ಸೋತಿದ್ದರು. ಸೋಲಿಸಿದವರು ಅವರ ಪಕ್ಷದಲ್ಲೇ ಆರು ವರ್ಷ ಶಾಸಕರಾಗಿದ್ದವರು.

ಸದನದ ಲೆಕ್ಕಕ್ಕೆ ಬೇಕಾದದ್ದು ಮೊದಲ ಸುದ್ದಿ. ಈ ಮೂಲೆಯ ನಾಲ್ಕು ಕ್ಷೇತ್ರಗಳಲ್ಲಿ ಎರಡಕ್ಕೆ ಎರಡು ಇದ್ದದ್ದು ಮೂರಕ್ಕೆ ಒಂದಾಯಿತು. ಪ್ರಿಯಾಂಕ್ ಖರ್ಗೆ ಒಂಟಿಯಾದರು.

> ಬಾಕ್ಸ್: ಚಿಂಚೋಳಿಯ ಮುಖ್ಯಮಂತ್ರಿ
>
> ಒಂದೇ ಅವಧಿಯಲ್ಲಿ ಮೂವರು ಮುಖ್ಯಮಂತ್ರಿಗಳು ಎನ್ನುವುದು 2018ರ ಸದನದ ಸ್ವಂತ ಆವಿಷ್ಕಾರವಲ್ಲ. ಒಂಬತ್ತನೇ ವಿಧಾನಸಭೆಯೂ (1989-94) ಮೂವರನ್ನು ಕಂಡಿತ್ತು. ಮೊದಲನೆಯವರು ಚಿಂಚೋಳಿಯಲ್ಲೇ ಹುಟ್ಟಿದ ವೀರೇಂದ್ರ ಪಾಟೀಲ (1924-1997).
>
> 1968ರಿಂದ 1971ರವರೆಗೆ ಒಮ್ಮೆ ಮುಖ್ಯಮಂತ್ರಿಯಾಗಿದ್ದರು. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿ ಎದುರು ನಿಂತು ಸೋತರು, ಮುಂದೆ ಅವರದೇ ಸಂಪುಟದಲ್ಲಿ ಮಂತ್ರಿಯಾದರು. 1989ರಲ್ಲಿ ಅವರ ನೇತೃತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತು. ಅಷ್ಟಿದ್ದೂ ಕುರ್ಚಿ ಒಂದು ವರ್ಷ ನಿಲ್ಲಲಿಲ್ಲ. 1990ರ ಅಕ್ಟೋಬರಿನಲ್ಲಿ ಅವರು ಅನಾರೋಗ್ಯದಿಂದ ಮಲಗಿದ್ದಾಗ, ನಾಯಕತ್ವ ಬದಲಾವಣೆಯನ್ನು ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಪ್ರಕಟಿಸಿ ಹೋದರು. ಒಂದು ವಾರ ರಾಷ್ಟ್ರಪತಿ ಆಳ್ವಿಕೆ, ನಂತರ ಎಸ್. ಬಂಗಾರಪ್ಪ, ಆಮೇಲೆ ಎಂ. ವೀರಪ್ಪ ಮೊಯಿಲಿ. ಆ ಸದನಕ್ಕೂ ಇಬ್ಬರು ಸ್ಪೀಕರ್‌ಗಳು: ಎಸ್.ಎಂ. ಕೃಷ್ಣ, ವಿ.ಎಸ್. ಕೌಜಲಗಿ.
>
> 178 ಇದ್ದವರ ಕುರ್ಚಿ ಉಳಿಯಲಿಲ್ಲ ಎಂದ ಮೇಲೆ 104ರ ಮಾತೇನು!

ಬದಲಾದ ಪೀಠ, ಬದಲಾದ ಸಾಲು

2019ರ ಜುಲೈ 26ರಂದು ಯಡಿಯೂರಪ್ಪ ನಾಲ್ಕನೇ ಸಲ ಪ್ರಮಾಣವಚನ ಸ್ವೀಕರಿಸಿದರು. 29ರಂದು ಧ್ವನಿಮತದಿಂದ ವಿಶ್ವಾಸ ಗೆದ್ದರು. ಅದೇ ದಿನ ರಮೇಶ್ ಕುಮಾರ್ ಪೀಠ ಬಿಟ್ಟಿಳಿದರು. 31ರಂದು ಶಿರಸಿಯ ವಿಶ್ವೇಶ್ವರ ಹೆಗಡೆ ಕಾಗೇರಿ ಅವಿರೋಧವಾಗಿ ಸ್ಪೀಕರಾದರು. ಸಿದ್ದರಾಮಯ್ಯ ವಿರೋಧ ಪಕ್ಷದ ನಾಯಕರಾದರು. ಉಪಸಭಾಧ್ಯಕ್ಷ ಸ್ಥಾನ ಜೆಡಿಎಸ್‌ನ ಕೃಷ್ಣಾರೆಡ್ಡಿ ಅವರಿಂದ ಸವದತ್ತಿಯ ಆನಂದ ಮಾಮನಿ ಅವರಿಗೆ ಹೋಯಿತು.

ಡಿಸೆಂಬರ್ 5ರಂದು, ಅನರ್ಹರಾದವರ ಹದಿನೇಳರಲ್ಲಿ ಹದಿನೈದು ಕ್ಷೇತ್ರಗಳಿಗೆ ಉಪಚುನಾವಣೆ. ಬಿಜೆಪಿಗೆ ಹನ್ನೆರಡು, ಕಾಂಗ್ರೆಸ್ಸಿಗೆ ಎರಡು, ಹೊಸಕೋಟೆ ಪಕ್ಷೇತರರಿಗೆ. ಹೋದವರಲ್ಲಿ ಬಹಳ ಮಂದಿ ಹೊಸ ಚಿಹ್ನೆ ಹಿಡಿದು ಹಳೆಯ ಕ್ಷೇತ್ರಕ್ಕೇ ವಾಪಸಾದರು, ಬಂದವರು ಮಂತ್ರಿಗಳೂ ಆದರು.

ಇಲ್ಲೊಂದು ತಮಾಷೆ ನೋಡಿ. ಮೊದಲು ದಾರಿ ತೆರೆದ ಜಿಲ್ಲೆಗೆ ಸಂಪುಟದಲ್ಲಿ ಸಿಕ್ಕಿದ್ದೇನು? ಏನೂ ಇಲ್ಲ. ಯಡಿಯೂರಪ್ಪ ಸಂಪುಟದಲ್ಲಿ ಕಲಬುರಗಿ ಜಿಲ್ಲೆಯ ಒಬ್ಬ ಮಂತ್ರಿಯೂ ಇರಲಿಲ್ಲ. 2021ರ ಜುಲೈ 28ರಂದು ಬಸವರಾಜ ಬೊಮ್ಮಾಯಿ ಬಂದ ಮೇಲೂ ಇರಲಿಲ್ಲ. ಉಸ್ತುವಾರಿಗೆ ಮೊದಲು ಗೋವಿಂದ ಕಾರಜೋಳ, ಮುಂದೆ ಮುರುಗೇಶ ನಿರಾಣಿ. ಇಬ್ಬರೂ ಬಾಗಲಕೋಟೆ ಜಿಲ್ಲೆಯವರು. ಸೇಡಂನ ತೇಲ್ಕೂರ ಅವರಿಗೆ ಈ ಭಾಗದ ಸಾರಿಗೆ ನಿಗಮದ ಅಧ್ಯಕ್ಷ ಸ್ಥಾನ ಬಂತು. ಬಸ್ಸು ಕೊಟ್ಟರು, ಗೂಟದ ಕಾರು ಕೊಡಲಿಲ್ಲ.

ಹೆಸರು ಮಾತ್ರ ಸಿಕ್ಕಿತು. 2019ರ ಸೆಪ್ಟೆಂಬರ್ 17ರಂದು, ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದ ದಿನದ ನೆನಪಿನ ಸಮಾರಂಭದಲ್ಲಿ, ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ನವೆಂಬರ್ 22ರಂದು ಕಲಬುರಗಿಗೆ ವಿಮಾನ ನಿಲ್ದಾಣ ಬಂತು. ಶಾಸಕರು ಬೆಂಗಳೂರಿಗೆ ರಾತ್ರಿಯಿಡೀ ರೈಲಿನಲ್ಲಿ ಕೂರುವ ಕಷ್ಟ ತಪ್ಪಿತು. ಮತದಾರರು ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ವಾಡಿ ಜಂಕ್ಷನ್ನಿನಲ್ಲಿ ಕಾಯುವುದು ತಪ್ಪಲಿಲ್ಲ.

2020ರ ಮಾರ್ಚ್ 10ರಂದು ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ಕಲಬುರಗಿಯ ವೃದ್ಧರೊಬ್ಬರದ್ದು. ಆ ಸೆಪ್ಟೆಂಬರಿನಲ್ಲಿ ಸೋಂಕು ಸದನವನ್ನೂ ಮುಟ್ಟಿತು: ಪಕ್ಕದ ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ ತೀರಿಕೊಂಡರು. ಶಿರಾ, ಸಿಂದಗಿ, ಹಾನಗಲ್ ಕ್ಷೇತ್ರಗಳೂ ಶಾಸಕರ ಸಾವಿನಿಂದ ತೆರವಾದವು. 2022ರಲ್ಲಿ ಸಚಿವ ಉಮೇಶ ಕತ್ತಿ, ಉಪಸಭಾಧ್ಯಕ್ಷ ಮಾಮನಿ ಹೋದರು. ಚುನಾವಣೆ ಹತ್ತಿರವಿದ್ದುದರಿಂದ ಅವರ ಕ್ಷೇತ್ರಗಳು ಹಾಗೆಯೇ ಉಳಿದವು.

ಈ ಅವಧಿಯ ಉಪಚುನಾವಣೆಗಳನ್ನೆಲ್ಲ ಕೂಡಿದರೆ 25. ಸಾವಿನಿಂದ ತೆರವಾದದ್ದು ಆರು. ಎರಡು ಕಡೆ ಗೆದ್ದ ಕುಮಾರಸ್ವಾಮಿ ಬಿಟ್ಟುಕೊಟ್ಟದ್ದು ರಾಮನಗರ ಒಂದು. ಉಳಿದ ಹದಿನೆಂಟು, ಅನರ್ಹರಾದ ಹದಿನೇಳು ಜನ ಮತ್ತು ಚಿಂಚೋಳಿ. 224 ಕ್ಷೇತ್ರಗಳಲ್ಲಿ ಹೆಚ್ಚುಕಮ್ಮಿ ಒಂಬತ್ತಕ್ಕೊಂದು ಕ್ಷೇತ್ರದ ಮತದಾರ ಎರಡೆರಡು ಸಲ ಬೆರಳಿಗೆ ಶಾಯಿ ಹಚ್ಚಿಸಿಕೊಂಡ.

ವಿರೋಧದ ಸಾಲಿನಲ್ಲಿ ಒಬ್ಬರು

ಮಂತ್ರಿ ಸ್ಥಾನ ಹೋದ ಮೇಲೆ ಪ್ರಿಯಾಂಕ್ ಖರ್ಗೆ ಬೆಳೆದರು ಎಂದರೆ ಅವರ ವಿರೋಧಿಗಳೂ ತೀರ ಅಲ್ಲಗಳೆಯಲಾರರು. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯ ಅಕ್ರಮ 2022ರಲ್ಲಿ ಹೊರಬಿದ್ದಾಗ ಅದರ ಬೇರು ಸಿಕ್ಕಿದ್ದು ಕಲಬುರಗಿಯ ಒಂದು ಪರೀಕ್ಷಾ ಕೇಂದ್ರದಲ್ಲಿ. ಸದನದ ಒಳಗೂ ಹೊರಗೂ ಅದನ್ನು ಹಿಡಿದು ಜಗ್ಗಿದವರಲ್ಲಿ ಚಿತ್ತಾಪುರದ ಶಾಸಕರು ಮುಂದಿದ್ದರು. ಸಾಕ್ಷ್ಯ ಕೊಡಿ ಎಂದು ಸಿಐಡಿ ಅವರಿಗೇ ನೋಟಿಸ್ ಕಳಿಸಿತು. ಏಪ್ರಿಲ್ ಕೊನೆಗೆ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಮಂತ್ರಿಯಾಗಿದ್ದ ಹದಿಮೂರು ತಿಂಗಳಿಗಿಂತ ವಿರೋಧದ ಸಾಲಿನ ಆ ವರ್ಷವೇ ಅವರ ಹೆಸರನ್ನು ರಾಜ್ಯಕ್ಕೆ ಪರಿಚಯಿಸಿತು ಎಂಬುದು ನನ್ನ ಅನಿಸಿಕೆ.

ಅವರ ತಂದೆಯದ್ದು ಇನ್ನೊಂದು ತಿರುವು. ಕಲಬುರಗಿಯಲ್ಲಿ ಸೋತ ಮಲ್ಲಿಕಾರ್ಜುನ ಖರ್ಗೆ 2020ರಲ್ಲಿ ರಾಜ್ಯಸಭೆಗೆ ಹೋದರು, 2022ರ ಅಕ್ಟೋಬರಿನಲ್ಲಿ ಎಐಸಿಸಿ ಅಧ್ಯಕ್ಷರಾದರು. ಸೋತ ಊರಿನಿಂದ ಅಖಿಲ ಭಾರತ ಅಧ್ಯಕ್ಷಗಿರಿಗೆ ಮೂರೂವರೆ ವರ್ಷ.

ಬಿಜೆಪಿಯೂ ಈ ಮೂಲೆಯನ್ನು ಮರೆತು ಕೂರಲಿಲ್ಲ. 2023ರ ಜನವರಿ 19ರಂದು ಪ್ರಧಾನಿ ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಬಂದರು. ಒಂದು ಕಾಲಕ್ಕೆ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ. ಈಗ ಸುತ್ತ ಸಿಮೆಂಟ್ ಕಾರ್ಖಾನೆಗಳ ಚಿಮಣಿ. ಬಂಜಾರರ ತಾಂಡಾಗಳನ್ನು ಕಂದಾಯ ಗ್ರಾಮ ಮಾಡಿ, 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚುವ ಕಾರ್ಯಕ್ರಮ. ತಲೆಮಾರುಗಳಿಂದ ಸರ್ಕಾರಿ ಇಲ್ಲವೇ ಬೇರೆಯವರ ನೆಲದ ಮೇಲೆ ಗುಡಿಸಲು ಹಾಕಿದವರಿಗೆ ಮನೆಯ ಜಾಗ ತಮ್ಮ ಹೆಸರಿಗೆ ಬರುವುದು ಸಣ್ಣ ಸಂಗತಿಯಲ್ಲ. ಆದರೆ ಎರಡೇ ತಿಂಗಳಲ್ಲಿ ಬೊಮ್ಮಾಯಿ ಸರ್ಕಾರ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ನಿರ್ಧಾರ ಪ್ರಕಟಿಸಿತು, ಬಂಜಾರರು ಬೀದಿಗಿಳಿದರು. ಒಂದು ಕೈಯಲ್ಲಿ ಕೊಟ್ಟದ್ದರ ಕೃತಜ್ಞತೆ ಇನ್ನೊಂದು ಕೈಯ ಸಿಟ್ಟಿನಲ್ಲಿ ಕರಗಿತು.

858

2023ರ ಮೇ 10ರಂದು ಮತದಾನ, 13ರಂದು ಎಣಿಕೆ. ಕಾಂಗ್ರೆಸ್ಸಿಗೆ 135. ಕಲಬುರಗಿ ಜಿಲ್ಲೆಯ ಒಂಬತ್ತರಲ್ಲಿ ಏಳು. ಸೇಡಂನಲ್ಲಿ ಶರಣಪ್ರಕಾಶ ಪಾಟೀಲರು ತೇಲ್ಕೂರರಿಂದ ಸ್ಥಾನ ಮರಳಿ ಪಡೆದರು. ಚಿತ್ತಾಪುರದಲ್ಲಿ ಪ್ರಿಯಾಂಕ್ ಮೂರನೇ ಸಲ ಬಂದರು. ಇಬ್ಬರೂ ಮಂತ್ರಿಗಳಾದರು. ಹಿಂದಿನ ಸದನದಲ್ಲಿ ಸುಮಾರು ನಾಲ್ಕು ವರ್ಷ ಒಬ್ಬರೂ ಇಲ್ಲದ ಜಿಲ್ಲೆಗೆ, ಅಕ್ಕಪಕ್ಕದ ಎರಡು ತಾಲ್ಲೂಕುಗಳಿಂದಲೇ ಇಬ್ಬರು.

ಬಿಜೆಪಿಗೆ ಉಳಿದ ಎರಡು ಯಾವುವು ಗೊತ್ತೆ? ಗುಲಬರ್ಗಾ ಗ್ರಾಮೀಣ ಮತ್ತು ಚಿಂಚೋಳಿ. ಚಿಂಚೋಳಿಯಲ್ಲಿ ಮತ್ತೆ ಅವಿನಾಶ ಜಾಧವ, ಮತ್ತೆ ಸುಭಾಷ ರಾಠೋಡ. ಅಂತರ 858 ಮತ. ಇಲ್ಲಿ ಗೆದ್ದ ಪಕ್ಷವೇ ರಾಜ್ಯ ಆಳುತ್ತದೆ ಎಂದು ಏಳು ಸಾರ್ವತ್ರಿಕ ಚುನಾವಣೆ, ಒಂದು ಉಪಚುನಾವಣೆ ತಪ್ಪದೆ ಹೇಳಿದ್ದ ಭವಿಷ್ಯ ಒಂದು ಸಾವಿರ ಓಟಿನೊಳಗೆ ಸುಳ್ಳಾಯಿತು. ಮರುವರ್ಷದ ಲೋಕಸಭೆ ಚುನಾವಣೆಯಲ್ಲಿ ಉಮೇಶ ಜಾಧವ ಅವರನ್ನು ಖರ್ಗೆ ಅವರ ಅಳಿಯ ರಾಧಾಕೃಷ್ಣ ದೊಡ್ಡಮನಿ 27,205 ಮತಗಳಿಂದ ಸೋಲಿಸಿದರು.

> ಬಾಕ್ಸ್: 371 (ಜೆ)
>
> ಶಾಸಕರು ಬರುತ್ತಾರೆ, ಹೋಗುತ್ತಾರೆ. ಈ ಭಾಗದ ಹುಡುಗರಿಗೆ ಕಾಲೇಜು ಸೀಟು, ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವುದು ಸಂವಿಧಾನದ 371 (ಜೆ) ವಿಧಿ. 98ನೇ ತಿದ್ದುಪಡಿಯಿಂದ ಬಂದ ಇದು 2013ರಲ್ಲಿ ಜಾರಿಯಾಯಿತು. ಅದಕ್ಕಾಗಿ ದಶಕಗಳ ಕಾಲ ಹೋರಾಟ ಕಟ್ಟಿದವರಲ್ಲಿ ಮುಖ್ಯರು ಚಿಂಚೋಳಿಯನ್ನು ಎರಡು ಸಲ ಪ್ರತಿನಿಧಿಸಿದ ವೈಜನಾಥ ಪಾಟೀಲ. ಅವರು ತೀರಿಕೊಂಡಿದ್ದು 2019ರ ನವೆಂಬರಿನಲ್ಲಿ, ಈ ಸದನದ ಅವಧಿಯಲ್ಲೇ.

ಹೆಸರಿಲ್ಲದ ಎರಡು ಊರು

ಇಷ್ಟೆಲ್ಲ ಹೇಳುವಾಗ ಸೇಡಂ, ಚಿತ್ತಾಪುರ, ಚಿಂಚೋಳಿ ಎಂಬ ಹೆಸರು ಬಂದಷ್ಟು ಸಲ ಶಹಾಬಾದ್, ವಾಡಿ ಬರಲಿಲ್ಲ. ಅದಕ್ಕೆ ಕಾರಣವಿದೆ. ಸದನದ ಸದಸ್ಯರ ಪಟ್ಟಿಯಲ್ಲಿ ಆ ಎರಡು ಹೆಸರುಗಳೇ ಇಲ್ಲ.

ಶಹಾಬಾದ್ ಒಂದು ಕಾಲಕ್ಕೆ ವಿಧಾನಸಭಾ ಕ್ಷೇತ್ರವೇ ಆಗಿತ್ತು. ಕರ್ನಾಟಕದ ಉದ್ದಗಲಕ್ಕೂ ನಡುಮನೆಗಳಲ್ಲಿ ಹಾಸಿರುವ ಪರ್ಸಿ ಕಲ್ಲಿನ ಊರು. ಸಿಮೆಂಟ್ ಕಾರ್ಖಾನೆಯ ಊರು. ಕಾರ್ಮಿಕ ಸಂಘದ ಕೆಂಬಾವುಟದಿಂದ ಬೆಳೆದು ಮಂತ್ರಿಯೂ ಆದ ಕೆ.ಬಿ. ಶಾಣಪ್ಪ ಅವರನ್ನು ವಿಧಾನಸಭೆಗೆ ಕಳಿಸಿದ ಊರು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಆ ಕ್ಷೇತ್ರ ಅಳಿಸಿಹೋಯಿತು. ಹತ್ತು ವರ್ಷದ ನಂತರ, 2018ರಲ್ಲಿ, ಶಹಾಬಾದ್ ಹೊಸ ತಾಲ್ಲೂಕು ಆಯಿತು. ತಹಶೀಲ್ದಾರರು ಬಂದರು, ಶಾಸಕರು ಬರಲಿಲ್ಲ. ಕಲಬುರಗಿ ನಗರದ ಸುತ್ತ ಬಳಸಿಕೊಂಡ ಗ್ರಾಮೀಣ ಕ್ಷೇತ್ರದ ಒಂದು ತುದಿಯಲ್ಲಿ ಈ ಕಾರ್ಖಾನೆ ಪಟ್ಟಣ ನೇತಾಡುತ್ತಿದೆ. ‘ಗ್ರಾಮೀಣ’ ಎಂಬ ಹಣೆಪಟ್ಟಿ ಅದಕ್ಕೆ ಹೊಂದುವುದೂ ಇಲ್ಲ.

ವಾಡಿಯದ್ದು ಇನ್ನೂ ವಿಚಿತ್ರ. ಮುಂಬೈ-ಚೆನ್ನೈ ಮಾರ್ಗಕ್ಕೆ ಸಿಕಂದರಾಬಾದ್ ಕಡೆಯ ದಾರಿ ಕೂಡುವ ಜಂಕ್ಷನ್. 1874ರಲ್ಲಿ ನಿಜಾಮರ ರೈಲು ಶುರುವಾದದ್ದೇ ಇಲ್ಲಿಂದ. ಕಲಬುರಗಿಯಿಂದ ಚಿತ್ತಾಪುರಕ್ಕೂ ಸೇಡಂಗೂ ರೈಲು ಹೋಗುವುದು ವಾಡಿ ದಾಟಿಕೊಂಡೇ. ಅದು ಕ್ಷೇತ್ರವೂ ಅಲ್ಲ, ತಾಲ್ಲೂಕೂ ಅಲ್ಲ. ಚಿತ್ತಾಪುರದ ಒಂದು ಪಟ್ಟಣ.

ಸದ್ಯದ ಕ್ಷೇತ್ರಗಳ ಗಡಿ 2026ರ ನಂತರದ ಮೊದಲ ಜನಗಣತಿಯವರೆಗೆ ಮಾತ್ರ ಸ್ಥಿರ. ಗಣತಿ ಮುಗಿದು ಹೊಸ ಮರುವಿಂಗಡಣಾ ಆಯೋಗ ಬಂದಾಗ ಅದು ಕರಡು ನಕ್ಷೆ ಪ್ರಕಟಿಸುತ್ತದೆ, ಆಕ್ಷೇಪಣೆ ಕೇಳುತ್ತದೆ, ಸಾರ್ವಜನಿಕ ಸಭೆ ನಡೆಸುತ್ತದೆ. ಶಹಾಬಾದ್ ಮತ್ತು ವಾಡಿಯ ಕಾರ್ಮಿಕ ಸಂಘಗಳು, ವರ್ತಕರು, ನಗರಸಭೆ-ಪುರಸಭೆ ಸದಸ್ಯರು, ವಕೀಲರು ಆ ದಿನಕ್ಕೆ ಕಾಗದಪತ್ರ ಈಗಿನಿಂದಲೇ ಜೋಡಿಸಿಟ್ಟುಕೊಳ್ಳಲಿ. ಶಾಸಕರು ಪಕ್ಷ ಬದಲಿಸಿದಾಗ ಚಿಂಚೋಳಿಯ ಮತದಾರರು ವಿಧಾನಸೌಧಕ್ಕೆ ಹೋಗಿ ಕೇಳಿದ್ದಾರೆ. ನಿಮ್ಮ ಕ್ಷೇತ್ರವೇ ಮಾಯವಾದದ್ದನ್ನು ಕೇಳಲು ನೀವೂ ಹೋಗಿ.